ಒಂದೆಲಗ ಚಿವುಟಿದರೆ ಹಿಂಸೆಯೇ?

ಸೂಳೆಕೆರೆಯ ಮಗ್ಗುಲಿನ ಕೆರೆಬಿಳಚಿಯಂಥ ಊರಿನಲ್ಲಿ ಒಂದೆಲಗ ಬೆಳೆಯಲು ಯಾರಿಗೂ ಪಾಠ ಬೇಕಿಲ್ಲ. ಅಡಿಕೆ ಮರದ ಅರೆನೆರಳು, ಆರದ ಹಸಿ ಇದ್ದರೆ ಅದು ತಾನೇ ಹಬ್ಬುತ್ತದೆ. ತೋಟವಿಲ್ಲದವರು ಬಾಯಗಲದ ಕುಂಡಕ್ಕೆ ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ಬೇರು ಬಿಟ್ಟ ಒಂದು ಗೆಣ್ಣು ಊರಿದರೂ ಆಯಿತು. ಕಷ್ಟ ಇರುವುದು ಕೊಯ್ಲಿನ ಪ್ರಶ್ನೆಯಲ್ಲಿ. ಕೊಯ್ಯುವುದಕ್ಕೆಂದೇ ಒಂದು ಜೀವವನ್ನು ಬೆಳೆಸುವುದು ಹಿಂಸೆಯಲ್ಲವೇ? ಗಿಡಮರಗಳನ್ನು ಏಕೇಂದ್ರಿಯ ಜೀವಿಗಳೆಂದು ಎಣಿಸಿದ ಜೈನಧರ್ಮ ಶತಮಾನಗಳ ಕಾಲ ಬಾಳಿದ ನಾಡಿದು. ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಕೊಯ್ದವರು ಗಿಡದಲ್ಲಿ ಏನನ್ನು ಉಳಿಸಿದರು ಎಂದು ನೋಡದೆ ಹಿಂಸೆಯ ಲೆಕ್ಕ ಹಾಕಲಾಗದು ಎಂಬುದು ನನ್ನ ವಾದ.

ಗಿಡವನ್ನೇ ನೋಡೋಣ. ದಾರದಂಥ ಬಳ್ಳಿ ನೆಲಕ್ಕಂಟಿ ಓಡುತ್ತದೆ. ಗೆಣ್ಣುಗೆಣ್ಣಿಗೂ ಕೆಳಗೆ ಬೇರು, ಮೇಲೆ ಉದ್ದ ತೊಟ್ಟಿನ, ಮೂತ್ರಪಿಂಡದಾಕಾರದ ಎಲೆಗಳು. ಬೇರೂರಿದ ಎರಡು ಗೆಣ್ಣುಗಳ ನಡುವೆ ಕತ್ತರಿಸಿದರೆ ಯಾವುದೂ ಸಾಯದು, ಒಂದಿದ್ದದ್ದು ಎರಡಾಗುತ್ತದೆ. 'ಮೇಕೆಯನ್ನೂ ಹೀಗೇ ಅಕ್ಕರೆಯಿಂದ ಸಾಕಿ ಕಡಿಯುತ್ತಾರಲ್ಲ' ಎಂಬ ಆಕ್ಷೇಪ ಇಲ್ಲಿ ಸಡಿಲಾಗುತ್ತದೆ. ಕೊರಳು ಕತ್ತರಿಸಿದ ಮೇಕೆ ಮತ್ತೆ ಮೇಯಲು ಹೋಗುವುದಿಲ್ಲ. ಒಂದೆಲಗದ ಹೊರಸುತ್ತಿನ ಬಲಿತ ಎಲೆಯನ್ನು ತೊಟ್ಟಿನ ಬುಡದಲ್ಲಿ ಉಗುರಿನಿಂದ ಚಿವುಟಿ, ನಡುವೆ ಇನ್ನೂ ಮಡಿಚಿಕೊಂಡಿರುವ ಎಳೆಯದನ್ನು ಬಿಟ್ಟರೆ ಅದೇ ಗೆಣ್ಣು ಮತ್ತೆ ಎಲೆ ಕೊಡುತ್ತದೆ. ಬೇರು, ಮಣ್ಣು ಸಮೇತ ಕಿತ್ತು ಸಂತೆಗೆ ತಂದ ಕಟ್ಟಿನ ಕಥೆ ಬೇರೆ: ತಂಬುಳಿಗೆ ಬೇಕಾದದ್ದು ಒಂದು ಹಿಡಿ ಎಲೆ, ಹೋದದ್ದು ಬುಡವೇ. ಮನೆಯಲ್ಲಿ ಬೆಳೆಯುವುದಕ್ಕೆ ಧರ್ಮದ ಬೆಲೆ ಏನಾದರೂ ಇದ್ದರೆ, ಬೇಕಾದಷ್ಟೇ ತೆಗೆಯುವ ಈ ಅನುಕೂಲದಿಂದ ಬಂದದ್ದು.

ಉದ್ದೇಶದಲ್ಲೇ ಹಿಂಸೆಯಿದೆ ಎನ್ನುವವರು ಕವಿ ಜನ್ನನನ್ನು ಮುಂದಿಟ್ಟಾರು. 1209ರ 'ಯಶೋಧರ ಚರಿತೆ'ಯಲ್ಲಿ ಅರಸ ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪಹಿಂಸೆಯ ಪಾಪ ಅವನನ್ನೂ ಅವನ ತಾಯಿಯನ್ನೂ ಜನ್ಮದಿಂದ ಜನ್ಮಕ್ಕೆ ಅಟ್ಟಿತು. ಗಟ್ಟಿ ಆಕ್ಷೇಪವೇ. ಆದರೆ ಅಲ್ಲಿ ಸಂಕಲ್ಪ ಮಾಡಿದ್ದು ಕೊಲೆಯನ್ನು. ಎಲೆ ಚಿವುಟುವವರಿಗೆ ಗಿಡ ನಾಳೆಯೂ ಇರಬೇಕು. ಉಮಾಸ್ವಾತಿಯ 'ತತ್ತ್ವಾರ್ಥಸೂತ್ರ' ಕೂಡ ಹಿಂಸೆಯನ್ನು ಪ್ರಮಾದದೊಂದಿಗೆ, ಅಂದರೆ ಎಚ್ಚರಗೇಡಿತನದೊಂದಿಗೆ, ಸೇರಿಸಿಯೇ ಹೇಳುತ್ತದೆ. ಮುನಿಗೆ ಕಟ್ಟುನಿಟ್ಟಿನ ಮಹಾವ್ರತ, ಸಂಸಾರಿಗೆ ಸಡಿಲವಾದ ಅಣುವ್ರತ ಎಂದು ಜೈನರು ಭಾಗ ಮಾಡಿದ್ದೂ ಒಲೆ ಹಚ್ಚಲೇಬೇಕಾದವರನ್ನು ಕಂಡೇ ಇರಬೇಕು.

ಇನ್ನೊಂದು ದಿಕ್ಕಿನಿಂದ, ನೋವೇ ಇಲ್ಲದ ಗಿಡಕ್ಕೆ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ಬರುತ್ತದೆ. ಜಗದೀಶಚಂದ್ರ ಬೋಸರು ಗಿಡದ ವಿದ್ಯುತ್ ಸ್ಪಂದನವನ್ನು ಅಳೆದು ತೋರಿಸಿದರು, ನಿಜ. ಸ್ಪಂದನ ಕಂಡಮಾತ್ರಕ್ಕೆ ನೋವು ಸಿದ್ಧವಾಗುವುದಿಲ್ಲ. ನೋವನ್ನು ಬದಿಗಿಟ್ಟರೂ ಬುಡ ಕಿತ್ತದ್ದು ಕಿತ್ತದ್ದೇ, ಅದರ ಹಬ್ಬುವಿಕೆ ಅಲ್ಲಿಗೇ ನಿಂತಿತು. ಉಳಿದದ್ದು ವೈದ್ಯರ ಮಾತು. ಚರಕಸಂಹಿತೆ ಮೇಧ್ಯ, ಅಂದರೆ ಬುದ್ಧಿ ಹೆಚ್ಚಿಸುವ, ರಸಾಯನಗಳಲ್ಲಿ ಮಂಡೂಕಪರ್ಣಿಯ ಸ್ವರಸವನ್ನು (ಹಿಂಡಿದ ರಸವನ್ನು) ಹೇಳುತ್ತದೆ. ಒಂದೆಲಗವೇ ಆ ಗಿಡ ಎಂಬುದು ಇಂದು ಹೆಚ್ಚಿನವರ ಮತ. ಬೇರುಸಹಿತ ಇಡೀ ಗಿಡವೇ ಬೇಕೆಂದು ವೈದ್ಯರು ಹೇಳಿದರೆ ಆಗಲಿ, ಬಳ್ಳಿಯ ತುದಿಯಲ್ಲಿ ಬೇರೂರಿದ ಒಂದು ಗೆಣ್ಣನ್ನು ಕತ್ತರಿಸಿ ತೆಗೆದು, ತಾಯಿಬುಡಕ್ಕೆ ನೀರು ಹನಿಸಿದರಾಯಿತು.