ಅಂದಾಜಿನ ಹುಟ್ಟುಹಬ್ಬ

ದತ್ತಾಗಿ ಬಂದ ಮಗುವಿನ ನಿಜವಾದ ವಯಸ್ಸೇ ಗೊತ್ತಿಲ್ಲದಿರುವಾಗ ಹುಟ್ಟುಹಬ್ಬ ಮಾಡುವುದು ಸುಳ್ಳಾಡಿದಂತೆಯೇ? ನಮ್ಮ ಯುವಜನರ ನಡುವೆ ಎದ್ದ ಪ್ರಶ್ನೆ ಇದು.

2015ರ ಬಾಲ ನ್ಯಾಯ ಕಾಯ್ದೆಯಂತೆ ಮೊದಲು ಶಾಲೆಯ ದಾಖಲೆ, ಜನನ ಪ್ರಮಾಣಪತ್ರ ನೋಡುತ್ತಾರೆ; ಅವಿಲ್ಲದಿದ್ದರೆ ಮೂಳೆಯ ಪರೀಕ್ಷೆ. ಬಿಎಸ್ಸಿ ಓದಿದ ನಮ್ಮಂಥವರಿಗೆ ಗೊತ್ತು, ಎಕ್ಸ್‌ರೇಯಲ್ಲಿ ಕಾಣುವುದು ಮೂಳೆಯ ಬೆಳವಣಿಗೆ, ತಾರೀಖಲ್ಲ. ಒಂದೆರಡು ವರ್ಷ ಆಚೀಚೆ ಆಗಬಹುದು. ಹೊಟ್ಟೆಗಿಲ್ಲದೆ ಬೆಳೆದ ಮಗುವಿನ ಮೂಳೆಯೂ ಹಿಂದೆ ಬೀಳುತ್ತದೆ. ಆದರೂ ಮಕ್ಕಳ ಕಲ್ಯಾಣ ಸಮಿತಿ ಬರೆದ ವಯಸ್ಸೇ ಕಾನೂನಿಗೆ ನಿಜ.

ಹಾಗಾದರೆ ಕೇಕ್ ಬೇಡವೇ? ಬೇಕು. ಧರ್ಮೋಪದೇಶದ ತರಗತಿಯಲ್ಲಿ ಎಲ್ಲರಿಗೂ ಹಾಡಿ (ಕೊಂಕಣಿಯಲ್ಲೋ ಕನ್ನಡದಲ್ಲೋ ಎಂಬುದು ಬೇರೆ ಜಗಳ) ಒಬ್ಬಳನ್ನು ಬಿಟ್ಟರೆ ಅವಳಿಗೆ ನಾವು ಕಲಿಸಿದ್ದೇನು? ಯೇಸುಸ್ವಾಮಿ ಹುಟ್ಟಿದ ತಾರೀಖು ಯಾವ ಶುಭಸಂದೇಶದಲ್ಲೂ ಇಲ್ಲ. ಸಂತ ಲೂಕರು ಅವರ ವಯಸ್ಸು ‘ಸುಮಾರು’ 30 ಎಂದಷ್ಟೇ ಬರೆದರು. ಹಾಗೆಂದು ನಾವು ಡಿಸೆಂಬರ್ 25ನ್ನು ಬಿಟ್ಟಿಲ್ಲವಲ್ಲ!

ಸುಳ್ಳು ನುಸುಳುವುದು ಬೇರೆ ಕಡೆ. “ನೀನು ಹುಟ್ಟಿದ ರಾತ್ರಿ ಜೋರು ಮಳೆ” ಎಂದು ಇಲ್ಲದ ಕಥೆ ಕಟ್ಟುವುದು ತಪ್ಪು. ಇದು ಅಂದಾಜಿನ ದಿನ, ನಿಜವಾದ ದಿನ ಹೆತ್ತವಳಿಗಷ್ಟೇ ಗೊತ್ತು ಎಂದು ಅಪ್ಪ ಅಮ್ಮನೇ ಹೇಳಬೇಕು, ಊರವರು ಹೇಳುವ ಮೊದಲು. ಅದನ್ನು ಕೇಳಿ ಮಗು ಅತ್ತರೆ ಮೇಣದಬತ್ತಿ ಸ್ವಲ್ಪ ಹೊತ್ತು ಕಾಯಲಿ.