ಸಂಜೆಯ ಹಸಿವೂ ನಿತ್ಯನೇಮವೂ

ಮಿತಾಹಾರವನ್ನು ಕುರಿತು ಹಿರಿಯರು ಹೇಳಿದ ಮಾತುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ಅರಿಯದ ಮನೆ ಈ ಸೀಮೆಯಲ್ಲಿ ಸಿಗಲಾರದು. ಆದರೆ ಇತ್ತೀಚಿನ ವರುಷಗಳಲ್ಲಿ ಸದ್ಗೃಹಸ್ಥರ ಮನೆಗಳಲ್ಲಿ ಹೊಸದೊಂದು ಪ್ರಶ್ನೆ ಹುಟ್ಟಿಕೊಂಡಿದೆ. ದೇಹದ ತೂಕವು ಅತಿಯಾಗಿ ಬೆಳೆದು, ಮಧುಮೇಹ, ರಕ್ತದೊತ್ತಡ, ಮೊಣಕಾಲು ನೋವುಗಳಿಂದ ಬಳಲಿದವರು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡು ಬರುತ್ತಿದ್ದಾರೆ. ಮೊದಲ ಕೆಲವು ತಿಂಗಳು ಅನೇಕರಿಗೆ ಹಸಿವೆಂಬುದೇ ತೋರುವುದಿಲ್ಲ. ತೂಕವು ವಾರ ವಾರಕ್ಕೂ ಇಳಿಯುತ್ತದೆ. ನೆಂಟರಿಷ್ಟರು ಮೆಚ್ಚಿ ಮಾತನಾಡುತ್ತಾರೆ. ಆಮೇಲೆ ಒಂದು ದಿನ, ದೀಪ ಹಚ್ಚುವ ಹೊತ್ತಿಗೆ, ಹಸಿವು ಮರಳಿ ಬರುತ್ತದೆ. ಆಗ ಅವರು ಎದೆಗುಂದಿ, ಇಷ್ಟು ಹಣ ವೆಚ್ಚ ಮಾಡಿ ಹೊಟ್ಟೆ ಕೊಯ್ಸಿಕೊಂಡರೂ ತಮ್ಮ ಚಪಲ ಹೋಗಲಿಲ್ಲವಲ್ಲಾ ಎಂದು ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ. ಮರಳಿ ಬಂದ ಹಸಿವು ದೋಷವೇ? ಶಸ್ತ್ರದಿಂದ ಬಂದ ಸಂಯಮವು ಸಂಯಮವೆನಿಸೀತೇ? ಮೊದಲಿನ ಉತ್ಸಾಹ ಬತ್ತಿದ ಮೇಲೆ ನೇಮವನ್ನು ಏತರ ಬಲದಿಂದ ನಡೆಸಬೇಕು? ಈ ಮೂರು ಪ್ರಶ್ನೆಗಳನ್ನು ಶರಣರ ನಡೆನುಡಿಗಳ ಬೆಳಕಿನಲ್ಲಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ನೆಲದ ನೆನಪನ್ನು ಗಮನಿಸಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸೀಮೆಯು ಬರವನ್ನು ಬಲ್ಲ ಸೀಮೆ. ದಕ್ಷಿಣಾಪಥವನ್ನೆಲ್ಲ ನಡುಗಿಸಿದ 1876-78ರ ಮಹಾಕ್ಷಾಮದಂಥ ಕಾಲಗಳನ್ನು ಕಂಡ ಮನೆತನಗಳಲ್ಲಿ, ಹಸಿದವರಿಗೆ ಅನ್ನ ನೀಡುವುದೇ ಧರ್ಮದ ಮೊದಲ ಪಾಠವಾಯಿತು. ಬರಿದಾದ ತಾಟನ್ನು ನೋಡಲಾರದ ಅಜ್ಜಿಯ ಕೈ, ಸಾಕೆಂದರೂ ಮತ್ತೊಂದು ರೊಟ್ಟಿಯನ್ನು ನೀಡಿದ್ದು ಆ ಭಯದಿಂದ ಹುಟ್ಟಿದ ಪ್ರೀತಿಯಿಂದ. 1953ರ ತರುವಾಯ ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಗಂಗಾವತಿಯ ಹೊಲಗಳು ಗದ್ದೆಗಳಾದವು. ಅಕ್ಕಿಯ ಗಿರಣಿಗಳು ಎದ್ದವು. ಕುಷ್ಟಗಿ, ಯಲಬುರ್ಗಾಗಳ ಒಣಬೇಸಾಯದಲ್ಲಿಯೂ ಎತ್ತಿನ ಹಿಂದೆ ದಿನವಿಡೀ ನಡೆಯುತ್ತಿದ್ದ ಒಕ್ಕಲಿಗನ ಕೆಲಸದ ಬಹುಭಾಗವನ್ನು ಟ್ರ್ಯಾಕ್ಟರು ವಹಿಸಿಕೊಂಡಿತು. ಹೀಗೆ ಕಾಯದ ದುಡಿತ ಕಡಿಮೆಯಾಯಿತು. ನೀಡುವ ಕೈಯ ಅಳತೆ ಮಾತ್ರ ಬರಗಾಲದ ನೆನಪಿನದಾಗಿಯೇ ಉಳಿಯಿತು. ಆದುದರಿಂದ ಸ್ಥೂಲಕಾಯವನ್ನು ಒಬ್ಬ ವ್ಯಕ್ತಿಯ ಹೊಟ್ಟೆಬಾಕತನವೆಂದು ಹಳಿಯುವುದು ನ್ಯಾಯವಲ್ಲ. ಅದರಲ್ಲಿ ವಂಶದ ಪಾಲಿದೆ, ಕಾಲದ ಪಾಲಿದೆ, ಮನೆಯ ಪಾಲೂ ಇದೆ.

ಇನ್ನು ಈ ಚಿಕಿತ್ಸೆಯ ಸ್ವರೂಪ. ಜಠರದ ಮೇಲ್ಭಾಗವನ್ನು ಸಣ್ಣ ಚೀಲವಾಗಿ ಬೇರ್ಪಡಿಸಿ ಕರುಳಿಗೆ ಜೋಡಿಸುವ ಬೈಪಾಸ್ ಕ್ರಮವನ್ನು ಅಮೇರಿಕೆಯ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ವೈದ್ಯರು ತಮ್ಮ ಸಹೋದ್ಯೋಗಿ ಇಟೋ ಅವರೊಡನೆ 1966ರಲ್ಲಿ ಆರಂಭಿಸಿದರು. ಈಗ ಬಹಳವಾಗಿ ಬಳಕೆಯಲ್ಲಿರುವ ಸ್ಲೀವ್ ಎಂಬ ಕ್ರಮದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆದು, ಉಳಿದುದನ್ನು ಕೊಳವೆಯಂತೆ ಮಾಡುತ್ತಾರೆ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ರಸವನ್ನು ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು. ಅದು ಹೆಚ್ಚಾಗಿ ಉತ್ಪತ್ತಿಯಾಗುವುದು ಜಠರದ ಮೇಲಿನ ಭಾಗದಲ್ಲಿ. ಸ್ಲೀವ್ ಕ್ರಮದಲ್ಲಿ ತೆಗೆಯುವುದೂ ಆ ಭಾಗವನ್ನೇ. ಮೊದಲ ತಿಂಗಳುಗಳಲ್ಲಿ ಹಸಿವು ಅಡಗಿರುವುದಕ್ಕೆ ಇದೊಂದು ಮುಖ್ಯ ಕಾರಣ. ಆದರೆ ಹಸಿವಿಗೆ ಬೇರು ಒಂದೇ ಅಲ್ಲ. ಮಿದುಳು, ಕರುಳು, ನಿದ್ರೆ, ಚಿಂತೆ, ವಾಸನೆ, ಅಭ್ಯಾಸ ಇವೆಲ್ಲ ಸೇರಿ ಅದನ್ನು ಎಬ್ಬಿಸುತ್ತವೆ. ಆದ್ದರಿಂದ ಕಾಲಾಂತರದಲ್ಲಿ ಅದು ಮರಳುವುದು ಸಹಜ.

ಅದು ಸಂಜೆಗೇ ಏಕೆ ಬಲಿಯುತ್ತದೆ? 2013ರಲ್ಲಿ ಪ್ರಕಟವಾದ ಅಮೇರಿಕೆಯ ಒಂದು ಸಂಶೋಧನೆಯಲ್ಲಿ 12 ಮಂದಿ ಆರೋಗ್ಯವಂತರನ್ನು ಹಗಲಿರುಳುಗಳ ಗುರುತು ಸಿಗದಂತೆ ಇರಿಸಿ ಪರೀಕ್ಷಿಸಿದರು. ಉಂಡ ಹೊತ್ತು, ಮಲಗಿದ ಹೊತ್ತುಗಳ ಪ್ರಭಾವವನ್ನು ಬೇರ್ಪಡಿಸಿ ನೋಡಿದಾಗಲೂ, ದೇಹದೊಳಗಿನ ಗಡಿಯಾರವು ಬೆಳಗಿನ ಸುಮಾರು 8 ಗಂಟೆಗೆ ಹಸಿವನ್ನು ಕನಿಷ್ಠಕ್ಕೂ, ರಾತ್ರಿ ಸುಮಾರು 8 ಗಂಟೆಗೆ ಗರಿಷ್ಠಕ್ಕೂ ಒಯ್ಯುವುದು ಕಂಡುಬಂದಿತು. ಇದು ಶಸ್ತ್ರಚಿಕಿತ್ಸೆಯಾಗದವರ ಮಾತು. ಎಲ್ಲ ಮನುಷ್ಯರಿಗೂ ಸಂಜೆಯ ಹಸಿವು ಹುಟ್ಟುಗುಣವೆಂಬುದನ್ನು ಇದು ಸೂಚಿಸುತ್ತದೆ. ಇದರ ಮೇಲೆ ನಮ್ಮ ದಿನಚರಿಯನ್ನು ಹೊಂದಿಸಿ ನೋಡಿರಿ. ಗಂಗಾವತಿಯ ಒಬ್ಬ ಅಂಗಡಿಕಾರರನ್ನು ಊಹಿಸೋಣ. ಬೆಳಿಗ್ಗೆ ಹಸಿವಿಲ್ಲವೆಂದು ಬರಿ ಚಹಾ. ಮಧ್ಯಾಹ್ನ ಗಿರಾಕಿಗಳ ಗದ್ದಲದಲ್ಲಿ ಎರಡು ತುತ್ತು. ಸಂಜೆ ಆರಕ್ಕೆ ಎದುರಿನ ಬಂಡಿಯಲ್ಲಿ ಮಿರ್ಚಿ ಕರಿಯುವ ಸಪ್ಪಳ, ಮಂಡಕ್ಕಿ ಒಗ್ಗರಣೆಯ ವಾಸನೆ. ಹಗಲೆಲ್ಲ ಸಾಲ ಮಾಡಿದ ದೇಹವು ಸಂಜೆ ಬಡ್ಡಿಸಹಿತ ಕೇಳುತ್ತದೆ. ಇದರಲ್ಲಿ ಆಶ್ಚರ್ಯವೇನು?

ಹೀಗಿರುವಾಗ ಮೊದಲನೆಯ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ: ಹಸಿವು ದೋಷವಲ್ಲ. ಶರಣರು ದೇಹವನ್ನು ಧಿಕ್ಕರಿಸಿದವರಲ್ಲ. ಜೇಡರ ದಾಸಿಮಯ್ಯನವರು ತಮ್ಮ ರಾಮನಾಥನೊಡನೆ ವಾದಕ್ಕೆ ನಿಂತವರಂತೆ, ದೇಹವುಳ್ಳವರ ಪಾಡು ದೇಹವಿಲ್ಲದವನಿಗೆ ತಿಳಿಯದೆಂಬ ಭಾವವನ್ನು ಒಂದು ವಚನದಲ್ಲಿ ತೋಡಿಕೊಂಡಿದ್ದಾರೆ. ಅಕ್ಕಮಹಾದೇವಿಯವರು ಹಸಿವನ್ನು ಶತ್ರುವೆಂದು ಶಪಿಸದೆ, ಎದುರಿಗೆ ಬಂದವರನ್ನು ತಡೆದು ಮಾತನಾಡಿಸುವಂತೆ ಅದನ್ನು ಮಾತನಾಡಿಸಿದ್ದಾರೆ. ಹಸಿವನ್ನು ಅಲ್ಲಗಳೆಯದೆ ಗುರುತಿಸಿ ಮಾತನಾಡಿಸುವುದು, ಇದೇ ವಿವೇಕದ ದಾರಿ. ಮಾತನಾಡಿಸಿದಾಗ ಬಂದಿರುವುದು ಹಸಿವೋ ಬಯಕೆಯೋ ಎಂಬುದು ತಿಳಿಯುತ್ತದೆ. ಒಂದು ಬಟ್ಟಲು ಹೆಸರುಕಾಳಿನ ಪಲ್ಲೆಯೋ ಗಟ್ಟಿ ಮೊಸರೋ ಸಾಕೆನ್ನಿಸಿದರೆ ಅದು ಹಸಿವು, ಅದಕ್ಕೆ ಉಣಿಸಬೇಕು. ಅವು ಯಾವುವೂ ಬೇಡ, ಮಿರ್ಚಿಯೇ ಬೇಕು, ಬೆಲ್ಲದುಂಡೆಯೇ ಬೇಕು ಎಂದರೆ ಅದು ಬಯಕೆ. ಅದಕ್ಕೆ ತುಸು ಹೊತ್ತು ಕಾಯಲು ಹೇಳಬೇಕು. ಈ ಪರೀಕ್ಷೆಯು ತನ್ನನ್ನು ತಾನು ದಂಡಿಸುವುದಕ್ಕಲ್ಲ, ಅರಿಯುವುದಕ್ಕೆ.

ಎರಡನೆಯ ಪ್ರಶ್ನೆ ಸ್ವಲ್ಪ ಕಠಿಣವಾದುದು. ಮನಸ್ಸಿನಿಂದ ಸಾಧಿಸಬೇಕಾದುದನ್ನು ಹಣ ಕೊಟ್ಟು ಶಸ್ತ್ರದಿಂದ ಪಡೆದರೆ ಅದರಲ್ಲಿ ಸಾಧನೆ ಎಲ್ಲಿಯದು ಎಂದು ಕೆಲವರು ಆಕ್ಷೇಪಿಸುತ್ತಾರೆ. ಈ ಆಕ್ಷೇಪವು ಚಿಕಿತ್ಸೆಯನ್ನೂ ಸಂಯಮವನ್ನೂ ಒಂದೇ ಎಂದು ಭಾವಿಸಿದುದರಿಂದ ಹುಟ್ಟಿದುದು. ನಮ್ಮ ಕಾಲುವೆಯನ್ನೇ ನೋಡಬಹುದು. ಮುನಿರಾಬಾದಿನ ಅಣೆಕಟ್ಟು ನೀರನ್ನು ಕೊಟ್ಟಿತು. ನೀರನ್ನು ಅಳೆದು ಬಳಸುವ ಬುದ್ಧಿಯನ್ನು ಕೊಡಲಿಲ್ಲ. ಅತಿಯಾಗಿ ನೀರು ಹಾಯಿಸಿದುದರಿಂದ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎಷ್ಟೋ ಭೂಮಿ ಸವಳು ಜವಳಾಗಿ ಕೆಟ್ಟಿತು. ಹಾಗೆಂದು ಅಣೆಕಟ್ಟು ವ್ಯರ್ಥವೆನ್ನುವವರಿಲ್ಲ. ಶಸ್ತ್ರಚಿಕಿತ್ಸೆಯೂ ಅಂತೆಯೇ. ಅದು ಕೊಡುವುದು ಅವಕಾಶವನ್ನು; ಬೇಸಾಯ ರೈತನದೇ. ಜಠರವು ಕಿರಿದಾದರೂ, ಗಳಿಗೆಗೊಮ್ಮೆ ಸ್ವಲ್ಪ ಸ್ವಲ್ಪವಾಗಿ ಸಿಹಿ ಚಹಾ, ಚಕ್ಕುಲಿ, ಬಿಸ್ಕೀಟು ಎಂದು ತಿನ್ನುತ್ತ ಹೋದರೆ ತೂಕವು ಮೆಲ್ಲಗೆ ಮರಳುತ್ತದೆ. ವೈದ್ಯನು ಪಾತ್ರೆಯನ್ನು ಚಿಕ್ಕದು ಮಾಡಬಲ್ಲ; ಎಷ್ಟು ಸಲ ತುಂಬಬೇಕೆಂಬುದನ್ನು ಉಣ್ಣುವವನೇ ನಿಶ್ಚಯಿಸಬೇಕು. ಹೀಗಾಗಿ ಚಿಕಿತ್ಸೆಯಾದವರ ಸಂಯಮವು ಉಳಿದವರ ಸಂಯಮಕ್ಕಿಂತ ಕಿರಿದಲ್ಲ. ಅವರ ಸಾಧನೆ ಆಸ್ಪತ್ರೆಯಲ್ಲಿ ಮುಗಿಯುವುದಿಲ್ಲ. ಮನೆಗೆ ಬಂದ ದಿನದಿಂದ ಆರಂಭವಾಗುತ್ತದೆ.

ಇಲ್ಲಿ ಹಳೆಯ ಮಾತುಗಳನ್ನು ಅಕ್ಷರಶಃ ಹಿಡಿಯಬಾರದು. ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಗಾದೆಯಿದೆ. ಚಿಕಿತ್ಸೆಯಾದವರಿಗೆ ವೈದ್ಯರು ಹೊತ್ತು ಗೊತ್ತುಪಡಿಸಿ ಹಲವು ಸಲ ಸ್ವಲ್ಪ ಸ್ವಲ್ಪ ಉಣ್ಣಲು ಹೇಳುತ್ತಾರೆ. ಅವರು ಒಪ್ಪತ್ತು ಉಂಡರೆ ಯೋಗಿಯಾಗುವುದಿಲ್ಲ, ಬಲಹೀನರಾಗುತ್ತಾರೆ. ಹೊಟ್ಟೆಯ ಅರ್ಧವನ್ನು ಅನ್ನಕ್ಕೂ ಕಾಲುಭಾಗವನ್ನು ಪಾನಕ್ಕೂ ಮೀಸಲಿಟ್ಟು ಕಾಲುಭಾಗವನ್ನು ಬರಿದಾಗಿ ಬಿಡಬೇಕೆಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾರೆ. ಆದರೆ ಈ ಚಿಕಿತ್ಸೆಯಾದವರು ಊಟದೊಡನೆ ನೀರು ಕುಡಿಯದೆ, ಉಂಡು ಸುಮಾರು ಅರ್ಧ ಗಂಟೆ ಕಳೆದ ಮೇಲೆ ಗುಟುಕು ಗುಟುಕಾಗಿ ಕುಡಿಯಬೇಕು. ಬರಿದಾದ ಸ್ಥಳವನ್ನು ಬಿಡಬೇಕೆಂಬ ತತ್ತ್ವ ಉಳಿಯಿತು, ಲೆಕ್ಕ ಬದಲಾಯಿತು. ಶ್ರಾವಣ ಸೋಮವಾರ, ಶಿವರಾತ್ರಿಗಳ ಉಪವಾಸವನ್ನೂ ವೈದ್ಯರನ್ನು ಕೇಳದೆ ಕೈಕೊಳ್ಳಬಾರದು.

ಸಂಜೆಯ ಹಸಿವಿಗೆ ಮದ್ದು ಬೆಳಗಿನಿಂದಲೇ ಆರಂಭವಾಗಬೇಕು. ದಿನಕ್ಕೆ ಕನಿಷ್ಠ 60 ಗ್ರಾಮಿನಷ್ಟು ಪ್ರೋಟೀನು ಬೇಕೆಂಬುದು ವೈದ್ಯರ ಸಾಮಾನ್ಯ ಸೂಚನೆ. ಬೇಳೆ, ಮೊಳಕೆಕಾಳು, ಹಾಲು, ಮೊಸರು, ಪನೀರುಗಳಿಂದ ಅದನ್ನು ಹೊತ್ತು ಹೊತ್ತಿಗೆ ಹಂಚಿಕೊಂಡು, ಸಾಲದಿದ್ದರೆ ಅವರು ಹೇಳಿದ ಪುಡಿಯಿಂದ ತುಂಬಿಕೊಂಡರೆ, ಸಂಜೆಯ ಸಾಲ ಅರ್ಧ ತೀರಿದಂತೆ. ತಾಟಿನಲ್ಲಿ ಮೊದಲು ಕಾಳು ಬೇಳೆ, ಆಮೇಲೆ ಪಲ್ಲೆ, ಕೊನೆಗೆ ರೊಟ್ಟಿಯ ತುಣುಕು ಎಂಬ ಕ್ರಮವಿರಲಿ. ಬಿ12, ಕಬ್ಬಿಣ, ಸುಣ್ಣಾಂಶದ ಮಾತ್ರೆಗಳನ್ನು ಜೀವನಪರ್ಯಂತ ವೈದ್ಯರು ಹೇಳಿದಂತೆ ಸೇವಿಸಬೇಕು. ಸಂಜೆ ಐದೂವರೆಗೋ ಆರಕ್ಕೋ, ಬಯಕೆ ಎದ್ದು ಬರುವ ಮುನ್ನವೇ, ಗೊತ್ತುಪಡಿಸಿದ ಅಲ್ಪಾಹಾರವೊಂದಿರಲಿ. ಅದನ್ನು ಕುಳಿತು ನಿಧಾನವಾಗಿ ಅಗಿದು ತಿನ್ನಬೇಕು. ಆಮೇಲೆ ಸಂಜೆಯ ಪೂಜೆ, ಸ್ವಲ್ಪ ನಡಿಗೆ, ಬೇಗನೆ ಹಗುರವಾದ ಊಟ, ಹೊತ್ತಿಗೆ ಸರಿಯಾಗಿ ನಿದ್ರೆ. ಊಟವಾದ ಮೇಲೆ ಅಡುಗೆಮನೆಯ ದೀಪ ಆರಿದರೆ ಅರ್ಧ ಕೆಲಸ ಆದಂತೆಯೇ. ಮೇಲಿಂದ ಮೇಲೆ ವಾಂತಿ, ಹೊಟ್ಟೆನೋವು, ತಲೆಸುತ್ತು ಕಂಡರೆ ಮಾತ್ರ ಅದನ್ನು ನೇಮದ ಮಾತೆಂದು ಸಹಿಸದೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಮೂರನೆಯದು ಉತ್ಸಾಹದ ಪ್ರಶ್ನೆ. ತೂಕವು ಬಹುಮಟ್ಟಿಗೆ ಮೊದಲ ಒಂದು ಒಂದೂವರೆ ವರ್ಷದಲ್ಲಿ ಇಳಿಯುತ್ತದೆ; ಆಮೇಲೆ ನಿಲ್ಲುತ್ತದೆ; ಮುಂದೆ ಸ್ವಲ್ಪ ಏರುವುದೂ ಅನೇಕರಲ್ಲಿ ಕಂಡುಬರುತ್ತದೆ. ತಕ್ಕಡಿಯ ಮುಳ್ಳನ್ನೇ ಗುರುವೆಂದು ನಂಬಿದವರು ಮುಳ್ಳು ನಿಂತ ದಿನ ಅನಾಥರಾಗುತ್ತಾರೆ. ಇಷ್ಟಲಿಂಗ ಪೂಜೆಯನ್ನು ನಾವು ಇಂದು ಏನು ದೊರಕಿತೆಂದು ಲೆಕ್ಕ ಹಾಕಿ ಮಾಡುವುದಿಲ್ಲ. ದಿನದ ನೇಮವೆಂದು ಮಾಡುತ್ತೇವೆ. ಆಹಾರದ ನೇಮಕ್ಕೂ ಅದೇ ಭಾವ ಸಲ್ಲಬೇಕು. ಒಂದು ಸಂಜೆ ತಪ್ಪಿದರೆ ಇಡೀ ವ್ರತವೇ ಕೆಟ್ಟಿತೆಂದು ಕೈಬಿಡುವುದು ವಿವೇಕವಲ್ಲ. ಮರುದಿನ ಬೆಳಗಿನ ಹೊತ್ತನ್ನು ಎಂದಿನಂತೆ ಹಿಡಿಯಬೇಕು. ಕುಷ್ಟಗಿಯ ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರೆಂದು ಹೇಳಲಾಗುವ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆ ವಾಚಕರಿಗೆ ತಿಳಿದದ್ದೇ. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಲಕ್ಕಮ್ಮನವರು ಹೇಳಿದರು. ಅಕ್ಕಿ ಕೆಟ್ಟದ್ದಾಗಿರಲಿಲ್ಲ, ಆ ದಿನಕ್ಕೆ ಸಾಕಾಗಿತ್ತು, ಅಷ್ಟೆ. ಸಾಕೆಂಬುದು ನಾಳೆಯ ಫಲವನ್ನು ನೋಡಿ ಆಡುವ ಮಾತಲ್ಲ, ಇಂದಿನ ಅಗತ್ಯವನ್ನು ನೋಡಿ ಆಡುವ ಮಾತು. ಉತ್ಸಾಹ ಬತ್ತಿದ ದಿನವೂ ಆಡಬಹುದಾದ ಮಾತು ಅದು.

ಕೊನೆಯದಾಗಿ ಮನೆಯವರ ಕರ್ತವ್ಯ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರುಗಳ ಭಕ್ತರು ಲಕ್ಷಗಟ್ಟಲೆ ರೊಟ್ಟಿಗಳನ್ನು ಮಾಡಿ ತರುತ್ತಾರೆ. ಅಂಥ ದಾಸೋಹದ ಸೀಮೆಯಲ್ಲಿ ಬೇಡವೆಂದವರಿಗೆ ಒತ್ತಾಯ ಮಾಡದಿರುವುದೂ ದಾಸೋಹವೇ ಎಂಬುದನ್ನು ನಾವು ಕಲಿಯಬೇಕಾಗಿದೆ. ಪ್ರಸಾದವು ತೂಕದಿಂದ ಹಿರಿದಾಗುವುದಿಲ್ಲ. ಒಂದು ತುತ್ತೂ ಪ್ರಸಾದವೇ. ಇನ್ನು ಚಿಕಿತ್ಸೆಯಾದವಳು ಮನೆಯ ಗೃಹಿಣಿಯಾಗಿದ್ದರೆ ಅವಳ ಕಷ್ಟ ಇಮ್ಮಡಿ. ಎಲ್ಲರಿಗೂ ಬಡಿಸಿ, ರಾತ್ರಿ ಹತ್ತಕ್ಕೆ ಉಳಿದುದನ್ನು ಉಣ್ಣುವ ರೂಢಿ ನಮ್ಮ ಅನೇಕ ಮನೆಗಳಲ್ಲಿ ಇನ್ನೂ ಇದೆ. ಸಂಜೆಯ ಹಸಿವಿನ ಎದುರಿಗೇ ಒಲೆಯ ಮುಂದೆ ನಿಂತು ಪರರಿಗಾಗಿ ಕರಿಯುವ, ಬೇಯಿಸುವ ಆ ತಾಯಿಗೆ ಸಂಯಮವನ್ನು ಉಪದೇಶಿಸುವ ಅಧಿಕಾರ, ಅವಳಿಗೆ ಹೊತ್ತಿಗೆ ಸರಿಯಾಗಿ ಒಂದು ತಾಟು ಹಚ್ಚಿಕೊಡದವರಿಗೆ ಇಲ್ಲ. ಮೊದಲು ಅವಳು ಉಣ್ಣಲಿ. ಮನೆಯವರು ಆಮೇಲೆ ಕುಳಿತರೆ ಧರ್ಮಕ್ಕೆ ಹಾನಿಯಿಲ್ಲ. ಸದ್ಭಕ್ತರು ಇದನ್ನು ಇಂದಿನ ಸಂಜೆಯಿಂದಲೇ ಆಚರಣೆಗೆ ತರಬಹುದು.