ಒಪ್ಪಿ ಕೇಳಿದ ಸುಳ್ಳು

'ನಿಮಗೊಂದು ಸುಳ್ಳು ಹೇಳಬಹುದು, ಪರವಾಗಿಲ್ವಾ?' ಅಂತ ಮೊದಲೇ ಕೇಳಿ, ನೀವು ಹೂಂ ಅಂದಮೇಲೆ ಹೇಳಿದರೆ ಅದು ಸುಳ್ಳಾ? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಹೃದಯ ಚಿಕಿತ್ಸೆಯ ಒಂದು ಅಧ್ಯಯನ ಓದುವಾಗ.

ಏಟ್ರಿಯಲ್ ಫಿಬ್ರಿಲೇಷನ್ ಅಂದರೆ ಎದೆಬಡಿತ ತಾಳ ತಪ್ಪುವ ಕಾಯಿಲೆ. ಹೃದಯದ ಮೇಲಿನ ಕೋಣೆಗಳು ಲಯವಾಗಿ ಬಡಿಯೋದು ಬಿಟ್ಟು ಅದುರತೊಡಗುತ್ತವೆ. ಶ್ವಾಸಕೋಶದಿಂದ ರಕ್ತ ತರುವ ಅಭಿಧಮನಿಗಳು ಹೃದಯವನ್ನು ಸೇರುವ ಕಡೆಯೇ ಬಹಳಷ್ಟು ಸಲ ಇದರ ಕಿಡಿ ಹೊತ್ತಿಕೊಳ್ಳುತ್ತದೆ ಅಂತ 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು ತೋರಿಸಿಕೊಟ್ಟರು. ಹಾಗಾಗಿ ಈಗ ತೊಡೆಸಂದಿಯ ರಕ್ತನಾಳದ ಮೂಲಕ ತೆಳ್ಳಗಿನ ಕ್ಯಾತಿಟರ್ ತೂರಿಸಿ, ಆ ಅಭಿಧಮನಿಯ ಬಾಯಿಗೆ ಪುಟ್ಟ ಬಲೂನು ಊದಿ ಒತ್ತಿ ಹಿಡಿಯುತ್ತಾರೆ. ಒಳಗೆ ನೈಟ್ರಸ್ ಆಕ್ಸೈಡ್ ಆವಿಯಾಗುತ್ತಿದ್ದಂತೆ ಬಲೂನಿನ ಉಷ್ಣಾಂಶ ಸೊನ್ನೆಗಿಂತ 40–50 ಡಿಗ್ರಿ ಕೆಳಗಿಳಿಯುತ್ತದೆ. ಮೂರ್ನಾಲ್ಕು ನಿಮಿಷ ಅಷ್ಟೇ, ಸುತ್ತಲಿನ ಅಂಗಾಂಶ ಹೆಪ್ಪುಗಟ್ಟಿ ಸಾಯುತ್ತದೆ. ಸತ್ತ ಆ ಪಟ್ಟಿಯನ್ನು ವಿದ್ಯುತ್ ದಾಟಲಾರದು. ಕಿಡಿ ಹಾರಿದರೂ ಹೃದಯಕ್ಕೆ ತಗುಲೋದಿಲ್ಲ.

2024ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಇಂಥ 126 ರೋಗಿಗಳಿದ್ದರು. ಚೀಟಿ ಎತ್ತಿದ ಹಾಗೆ, ಅರ್ಧದಷ್ಟು ಜನಕ್ಕೆ ನಿಜವಾದ ಚಿಕಿತ್ಸೆ, ಉಳಿದವರಿಗೆ ಬರೀ ನಾಟಕ. ನಾಟಕದವರನ್ನೂ ಮೇಜಿನ ಮೇಲೆ ಮಲಗಿಸಿ, ಉಸಿರಾಟದ ಸ್ನಾಯುವಾದ ವಪೆಯ ನರವನ್ನು ವಿದ್ಯುತ್ತಿನಿಂದ ಮಿಡಿಸಿದರು. ಹೆಪ್ಪುಗಟ್ಟಿಸುವಾಗ ಪಕ್ಕದ ಆ ನರಕ್ಕೆ ಪೆಟ್ಟಾಗದಿರಲಿ ಅಂತ ನಿಜವಾದ ಚಿಕಿತ್ಸೆಯಲ್ಲೂ ಹೀಗೇ ಮಾಡ್ತಾರೆ. ಆದರೆ ನಾಟಕದವರಿಗೆ ತಣ್ಣನೆಯ ಬಲೂನು ಮಾತ್ರ ಬರಲೇ ಇಲ್ಲ.

ಮೋಸ ಅಲ್ವಾ ಇದು? ಏನೂ ಸಿಗದೆ ಒಂದಿಷ್ಟು ನೋವು, ಒಂದಿಷ್ಟು ಅಪಾಯ. ನನಗೂ ಮೊದಲು ಹಾಗೇ ಅನ್ನಿಸಿತು. ಹಳೆಯ ಒಂದು ಕತೆ ಗೊತ್ತಾದ ಮೇಲೆ ಅನುಮಾನ ಶುರುವಾಯಿತು. 1950ರ ದಶಕದಲ್ಲಿ ಎದೆನೋವಿಗೆ ಎದೆಗೂಡಿನ ಒಂದು ಅಪಧಮನಿಯನ್ನು ಕಟ್ಟುವ ಶಸ್ತ್ರಚಿಕಿತ್ಸೆ ಜನಪ್ರಿಯವಾಗಿತ್ತು. ರೋಗಿಗಳು 'ಎಷ್ಟೋ ವಾಸಿ' ಅನ್ನುತ್ತಿದ್ದರು. 1959ರಲ್ಲಿ ಅಮೆರಿಕದ ವೈದ್ಯರು 17 ಜನರ ಪೈಕಿ ಕೆಲವರಿಗೆ ಬರೀ ಚರ್ಮ ಸೀಳಿ ಹೊಲಿಗೆ ಹಾಕಿದರು. ಅವರೂ ಅಷ್ಟೇ ಸುಧಾರಿಸಿದರು! ಆ ಶಸ್ತ್ರಚಿಕಿತ್ಸೆಯೇ ಮೂಲೆ ಸೇರಿತು. ಆದರೆ ಹೀಗೊಂದು ನಾಟಕ ನಡೆಯುತ್ತದೆ ಅಂತ ಆ 17 ಜನಕ್ಕೆ ಹೇಳಿರಲಿಲ್ಲ. ನನ್ನ ಪ್ರಕಾರ ಅದು ಮೋಸ. ಬ್ರಿಟನ್ನಿನವರು ಮೊದಲೇ ಹೇಳಿ, ಕೇಳಿ, ಸಹಿ ಪಡೆದಿದ್ದರು. ರೋಗಿಗೆ ತಾನು ಯಾವ ಗುಂಪು ಅನ್ನೋದು ಗೊತ್ತಿರಲಿಲ್ಲ ನಿಜ, ಆದರೆ ತನಗೆ ಗೊತ್ತಾಗೋದಿಲ್ಲ ಅನ್ನೋದು ಗೊತ್ತಿತ್ತು.

ನಮ್ಮ ಆಫೀಸುಗಳಲ್ಲಿ ದಿನಾ ನಡೆಯುವ ಎ/ಬಿ ಟೆಸ್ಟ್ ನೆನಪಿಸಿಕೊಳ್ಳಿ. ಅರ್ಧ ಗಿರಾಕಿಗಳಿಗೆ ಒಂದು ಪರದೆ, ಇನ್ನರ್ಧಕ್ಕೆ ಇನ್ನೊಂದು. ಅವರನ್ನು ಯಾರು ಕೇಳ್ತಾರೆ? ಕೇಳದೆ ಮಾಡಿದ್ದು ನಮಗೆ ಮಾಮೂಲು, ಕೇಳಿ ಮಾಡಿದ್ದು ಮೋಸ ಅನ್ನಿಸುತ್ತದೆ!

ಎಲ್ಲರ ಚರ್ಮದ ಕೆಳಗೂ ಬಡಿತ ದಾಖಲಿಸುವ ಪುಟ್ಟ ಯಂತ್ರವಿತ್ತು. ಆರು ತಿಂಗಳ ನಂತರ ನೋಡಿದರೆ, ತಾಳ ತಪ್ಪಿದ ಹೊತ್ತು ಬಲೂನಿನವರಲ್ಲಿ ಸುಮಾರು 60 ಶೇಕಡಾ ಇಳಿದಿತ್ತು, ನಾಟಕದವರಲ್ಲಿ 35. ಈ ಕಾಯಿಲೆ ತಾನಾಗಿಯೂ ಏರಿಳಿಯುತ್ತದೆ. ಹಾಗಾಗಿ ನಾಟಕದ ಗುಂಪು ಇಲ್ಲದಿದ್ದರೆ ಆ 35 ಕೂಡ ಬಲೂನಿನ ಖಾತೆಗೇ ಜಮಾ ಆಗುತ್ತಿತ್ತು. ಪರೀಕ್ಷಿಸದೆ ಆತ್ಮವಿಶ್ವಾಸದಿಂದ ಮಾತಾಡೋದೂ ಒಂದು ಬಗೆಯ ಸುಳ್ಳೇ. ಅದಕ್ಕೆ ಮಾತ್ರ ಯಾರೂ ನಮ್ಮ ಒಪ್ಪಿಗೆ ಕೇಳೋದಿಲ್ಲ.

ಶಿವಮೊಗ್ಗದ ನನ್ನ ಸೋದರಮಾವನಿಗೂ ಇದೇ ಕಾಯಿಲೆ. ನಿವೃತ್ತಿಯ ದುಡ್ಡಲ್ಲಿ ದೊಡ್ಡ ಪಾಲನ್ನೇ ತೆಗೆದಿಡಬೇಕು. 'ಲೋ, ನೀನು ಓದಿದೋನು. ಮಾಡಿಸ್ಕೊಳ್ಲಾ, ಬೇಡ್ವಾ ಹೇಳು' ಅಂತ ಕೇಳ್ತಾನೆ. ನಿರ್ಧಾರ ಅವನದು, ಅವನ ಡಾಕ್ಟರದು. ಆದರೆ 'ಪೂರ್ತಿ ವಾಸಿ ಅನ್ನೋ ಭರವಸೆ ಇಲ್ಲ ಮಾವ, ಬರೀ ನಂಬಿಕೆಯ ಆಟವೂ ಅಲ್ಲ' ಅಂತ ಇವತ್ತು ಧೈರ್ಯವಾಗಿ ಹೇಳಬಲ್ಲೆ. ಈ ಒಂದು ವಾಕ್ಯಕ್ಕಾಗಿ ಎಲ್ಲೋ ದೂರದ ಊರಿನ ಅರವತ್ತು ಚಿಲ್ಲರೆ ಜನ, ತಮಗೇನೂ ಸಿಗದೆ ಹೋಗಬಹುದು ಅಂತ ಗೊತ್ತಿದ್ದೂ ಆ ಮೇಜಿನ ಮೇಲೆ ಮಲಗಿದ್ದರು. ಅವರ ಋಣ ಮಾವನಿಗೆ ಗೊತ್ತಿಲ್ಲ. ಅವನಿಗೆ ಹೇಳಬೇಕು.